ಹೂಂ ಅನ್ನುವ ಯಂತ್ರ

ನನ್ನ ಭಾವನಿಗೆ ಊರಿನಲ್ಲಿ ತಕ್ಕಡಿ ಮಾಸ್ತರು ಎಂದು ಹೆಸರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಹೇಳಿಸಿಕೊಂಡದ್ದೂ ಅಷ್ಟಕ್ಕಷ್ಟೇ. ಮೂವತ್ತು ವರ್ಷದಿಂದ ತೂಕದ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದಾರೆ. ತರಕಾರಿ ಅಂಗಡಿಯದು, ಔಷಧಿ ಅಂಗಡಿಯದು, ಅಂಚೆ ಕಚೇರಿಯದು, ಮಗುವನ್ನು ಮಲಗಿಸಿ ತೂಗುವ ಆಸ್ಪತ್ರೆಯದು, ಎಲ್ಲವೂ ಕೊನೆಗೆ ಭಾವನ ಮೇಜಿಗೇ ಬರಬೇಕು. ಎರಡು ಗ್ರಾಂ ಹೆಚ್ಚುಕಡಿಮೆಯಾದರೆ ಅವರಿಗೆ ಊಟ ಸೇರುವುದಿಲ್ಲ. ಮನೆಯಲ್ಲಿ ಎರಡು ಮಾತು ಹೆಚ್ಚುಕಡಿಮೆಯಾದರೆ ಮಾತ್ರ ಗೊತ್ತೇ ಆಗುವುದಿಲ್ಲ.

ನಾನು ಅವರ ಹೆಂಡತಿಯ ತಂಗಿ. ಭಾವನನ್ನು ಗೇಲಿ ಮಾಡುವುದು ನಾದಿನಿಯಾದವಳ ಹಕ್ಕು. ಆ ಹಕ್ಕನ್ನು ನಾನು ಒಂದು ದಿನವೂ ಬಿಟ್ಟುಕೊಟ್ಟವಳಲ್ಲ.

ಈ ಮನುಷ್ಯ ಐವತ್ತನಾಲ್ಕನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಟ್ಟಲು ಕುಳಿತರು. ಕೊಳ್ಳುವುದಲ್ಲ, ಕಟ್ಟುವುದು. ಅದೂ ಇವತ್ತಿನ ಮಾದರಿಯದಲ್ಲ, ನಲವತ್ತು ವರ್ಷ ಹಳೆಯದು. ಅವರು ಕೆಲಸ ಕಲಿಯಲು ಮೊದಲು ಸೇರಿದ್ದು ತಗಡಿನ ತಟ್ಟೆ ಒತ್ತುವ ಕಾರ್ಖಾನೆಗೆ. ಅಲ್ಲಿ ಇಡೀ ದಿನ ಧಡ್ ಧಡ್ ಎಂದು ಒತ್ತುಯಂತ್ರ ಬಡಿಯುತ್ತಿತ್ತಂತೆ. ಅದರ ಆಫೀಸಿನಲ್ಲಿ ಗಾಜಿನ ಗೋಡೆಯ ಆಚೆ ಒಂದು ಕಂಪ್ಯೂಟರ್ ಇತ್ತು. ಪರದೆಯ ಮೇಲೆ ಹಸಿರು ಅಕ್ಷರ ಮೂಡುತ್ತಿತ್ತು. ಒಳಗೆ ಹೋಗಲು ಚಪ್ಪಲಿ ಬಿಡಬೇಕು, ಕೈ ತೊಳೆದಿರಬೇಕು. ಭಾವನ ಕೈಗೆ ಯಾವಾಗಲೂ ಗ್ರೀಸು. ಹೀಗಾಗಿ ಬಾಗಿಲಲ್ಲೇ ವಾಪಸು. ಆ ಗಾಜಿನ ಮೇಲಿನ ಸೇಡನ್ನು ಅವರು ನಮ್ಮ ಅಕ್ಕನ ಮೇಜಿನ ಮೇಲೆ ತೀರಿಸಿಕೊಂಡರು.

ಅಕ್ಕ ದರ್ಜಿ. ಮುಂದಿನ ಕೋಣೆಯ ಆ ಉದ್ದನೆಯ ಮೇಜು ಅವಳು ಬಟ್ಟೆ ಕತ್ತರಿಸುವುದಕ್ಕೆಂದೇ ಮಾಡಿಸಿದ್ದು. ಭಾವ ಮೊದಲು ಮೇಜಿನ ಒಂದು ಮೂಲೆ ಕೇಳಿದರು. ಆಮೇಲೆ ಒಂದು ಬದಿ. ಮೂರು ವರ್ಷ ಕಳೆಯುವಷ್ಟರಲ್ಲಿ ಅಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು ಕತ್ತರಿಸುತ್ತಿದ್ದಳು. ಅವಳ ಮೋಟರಿನ ಹೊಲಿಗೆ ಮಿಷನ್ ಮಾತ್ರ ಕಿಟಕಿಯ ಪಕ್ಕದ ಜಾಗ ಬಿಟ್ಟು ಕದಲಲಿಲ್ಲ. ಅದು ಅಕ್ಕನ ಕೋಟೆ.

ಇನ್ನು ಆ ಕಂಪ್ಯೂಟರ್ ನೋಡಬೇಕು ನೀವು. ತಟ್ಟೆ ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದಂತೆ ಐದು ಬೋರ್ಡು ಸಾಲಾಗಿ ನಿಂತಿವೆ. ನಡುವೆ ಬಣ್ಣಬಣ್ಣದ ವೈರು. ಮೇಲೆ ಮುಚ್ಚಳ ಇಲ್ಲ, ಪರದೆ ಇಲ್ಲ, ಕೀಲಿಮಣೆ ಇಲ್ಲ. ಹಿಂದೆ ಒಂಬತ್ತು ಸೂಜಿಯ ಒಂದು ಸೀರಿಯಲ್ ಪೋರ್ಟು ಇದೆ. ಅದರಿಂದ ಹೊರಟ ವೈರು ಭಾವನ ಲ್ಯಾಪ್‌ಟಾಪಿಗೆ ಸೇರುತ್ತದೆ. ಅದಕ್ಕೆ ಏನು ಹೇಳಬೇಕಿದ್ದರೂ ಆ ಒಂದು ವೈರಿನಲ್ಲಿ ಅಕ್ಷರದ ಹಿಂದೆ ಅಕ್ಷರವಾಗಿ ಕಳಿಸಬೇಕು. ಸ್ವಿಚ್ ಆರಿಸಿದರೆ ಹೇಳಿದ್ದೆಲ್ಲ ಮರೆತುಹೋಗುತ್ತದೆ. ಮತ್ತೆ ಹಾಕಿದಾಗ ಫೈಲನ್ನು ಮೊದಲಿನಿಂದ ಕಳಿಸಬೇಕು.

"ಅಂದ್ರೆ ದಿನಾ ಬೆಳಿಗ್ಗೆ ಎದ್ದು, ಅದು ಯಾರು ಅಂತ ಅದಕ್ಕೇ ಹೇಳ್ಬೇಕಾ?" ಎಂದಳು ಅಕ್ಕ.

"ಹೂಂ," ಎಂದರು ಭಾವ.

ಈ ಹೂಂ ಬಗ್ಗೆ ಹೇಳಲೇಬೇಕು. ಭಾವ ಮಾತು ಕಡಿಮೆ, ಹೂಂ ಜಾಸ್ತಿ. ಅಕ್ಕ ಬೀದಿಯ ಸುದ್ದಿ ಹೇಳುತ್ತಾಳೆ, ಹೂಂ. ನಲ್ಲಿ ಸೋರುತ್ತಿದೆ ಎನ್ನುತ್ತಾಳೆ, ಹೂಂ. ನಲ್ಲಿ ಸೋರುತ್ತಲೇ ಇರುತ್ತದೆ. ಕಥೆ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರಿಗೆ ಹುರುಪು ಬರುವುದಿಲ್ಲ ಎನ್ನುವುದು ನಿಜ. ಆದರೆ ನಮ್ಮ ಭಾವ ಹೂಂಗುಟ್ಟುವುದರಲ್ಲಿ ಎಷ್ಟು ಪಳಗಿದ್ದರೆಂದರೆ ಕಥೆಯ ಅಗತ್ಯವೇ ಇರಲಿಲ್ಲ. ಮನೆಯಲ್ಲಿ ಇರುವುದೇ ಇಬ್ಬರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳದಿದ್ದರೆ ಕೇಳುವವರು ಬೇರೆ ಯಾರೂ ಇಲ್ಲ.

ಒಂದು ತಿಂಗಳ ಮೊದಲ ವಾರ ಅಕ್ಕನಿಗೆ ಒಂದು ಕಾಗದ ಬಂತು. ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿನಲ್ಲಿ ಒಂದು ಸಿದ್ಧ ಉಡುಪಿನ ಕಾರ್ಖಾನೆ. ಹೊಸದಾಗಿ ಸೇರಿದ ಹೆಂಗಸರಿಗೆ ಕಟಿಂಗ್ ಕಲಿಸಲು ಒಬ್ಬರು ಬೇಕು, ಒಂದು ವರ್ಷದ ಕೆಲಸ, ಇರುವುದಕ್ಕೆ ಅಡುಗೆಮನೆ ಸಮೇತ ಒಂದು ಕೋಣೆ ಕೊಡುತ್ತೇವೆ, ಮುಂದಿನ ಒಂದನೇ ತಾರೀಖಿಗೆ ಬನ್ನಿ ಎಂದಿತ್ತು. ನಾನು ಕಾಗದ ಓದಿ ಕುಣಿದಾಡಿದೆ. ಅಕ್ಕ ಸುಮ್ಮನೆ ಕುಳಿತಿದ್ದಳು.

"ಭಾವನಿಗೆ ಹೇಳಿದ್ಯಾ?"

"ಹೇಳ್ದೆ ಕಣೇ. ಮಿಷನ್ ಓಡಿಸ್ತಾ ಹೇಳ್ದೆ. ಹೀಗೀಗೆ ಕಾಗದ ಬಂದಿದೆ, ಒಂದು ವರ್ಷ ಹೋಗ್ಬೇಕು, ಹೋಗ್ಲಾ ಅಂತ."

"ಏನಂದ್ರು?"

"ಹೂಂ ಅಂದ್ರು."

"ಆಮೇಲೆ?"

"ಆಮೇಲೇನು, ಆ ಸೋಲ್ಡರ್ ಕಡ್ಡಿ ಎತ್ಕೊಂಡು ಬೆಸುಗೆ ಹಾಕಿದ್ರು." ಅಕ್ಕ ಕಾಗದವನ್ನು ಮಡಿಸಿ ಸೂಜಿ ಡಬ್ಬಿಯ ಕೆಳಗಿಟ್ಟಳು. "ಹೋಗ್ತೀನಿ. ಗೋಡೆ ಜೊತೆ ಮಾತಾಡೋದೇ ಆದ್ರೆ ಬೇರೆ ಊರಿನ ಗೋಡೆಗೆ ಬಣ್ಣನಾದ್ರೂ ಬೇರೆ ಇರುತ್ತೆ."

ನನಗೆ ನಗು ಬಂತು. ಅವಳ ಮುಖ ನೋಡಿದ ಮೇಲೆ ನಗು ನಿಂತಿತು.

"ಬೇಡ ಅಂತಾರೆ ಅನ್ಕೊಂಡಿದ್ದೆ," ಎಂದಳು. "ಬೇಡ ಅಂದಿದ್ರೆ ಜಗಳ ಆಡಿ ಹೋಗ್ತಿದ್ದೆ. ಹೋಗು ಅಂದಿದ್ರೆ ಸಂತೋಷವಾಗಿ ಹೋಗ್ತಿದ್ದೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳು ಹೊರಡ್ತೀನಿ ಅಂದ್ರೆ ನಲ್ಲಿ ಸೋರ್ತಿದೆ ಅಂದ ಹಾಗೇನೇ ಹೂಂ ಅಂದ್ರಲ್ಲ. ಒಮ್ಮೆ ಹೋದ್ರೆ ವಾಪಸ್ ಯಾಕೆ ಬರ್ಬೇಕು ಅಂತ ಯೋಚನೆ ಮಾಡ್ತಿದೀನಿ."

"ಇನ್ನೊಂದ್ಸಲ ಹೇಳು."

"ಹೇಳಲ್ಲ. ನೀನೂ ಹೇಳ್ಬೇಡ. ಬಾಯಿ ಬಿಟ್ರೆ ನನ್ನಾಣೆ."

ಅಕ್ಕನ ಆಣೆ ಎಂದರೆ ಆಣೆಯೇ. ಬಾಯಿ ಮುಚ್ಚಿಕೊಂಡೆ. ಆದರೆ ಒಳಗೆ ಕುದಿಯಿತು. ಒಂದು ವಾರ ಭಾವನ ಹತ್ತಿರ ಮಾತು ಬಿಟ್ಟೆ. ಎಂಟನೇ ದಿನ ನಾನೇ ಹೋಗಿ ಮಾತಾಡಿಸಬೇಕಾಯಿತು, ಏಕೆಂದರೆ ನಾನು ಮಾತು ಬಿಟ್ಟಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಆ ದಿನಗಳಲ್ಲಿ ಅವರಿಗೆ ಬೇರೆಯೇ ಸಂಕಟ. ಯಂತ್ರ ಕಟ್ಟಿ ಮುಗಿದಿತ್ತು, ದೀಪ ಹತ್ತುತ್ತಿತ್ತು, ಫೈಲು ಮಾತ್ರ ಹೋಗುತ್ತಿರಲಿಲ್ಲ. ಫೈಲಿನಲ್ಲಿ ಇದ್ದದ್ದು ಒಂದು ಸಣ್ಣ ಆಟ. ಯಂತ್ರ ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳುತ್ತದೆ, ನಾವು ಊಹಿಸಬೇಕು. ಅದು ಹೆಚ್ಚಾಯಿತು, ಕಡಿಮೆಯಾಯಿತು ಎನ್ನುತ್ತದೆ. ಮೂರು ವರ್ಷ ಕಣ್ಣು ಕೆಡಿಸಿಕೊಂಡು ಕೊನೆಗೆ ಕಟ್ಟಿದ್ದು ಇನ್ನೊಂದು ತಕ್ಕಡಿಯನ್ನೇ! ಒಟ್ಟು ನಾನೂರ ಹನ್ನೆರಡು ಸಾಲು. ಲ್ಯಾಪ್‌ಟಾಪಿನಿಂದ ಕಳಿಸಿದರೆ ಯಂತ್ರದೊಳಗೆ ಸೇರುತ್ತಿದ್ದದ್ದು ಅರ್ಧಂಬರ್ಧ. ಒಂದು ಸಾಲಿಗೆ ತಲೆ ಇಲ್ಲ, ಒಂದಕ್ಕೆ ಬಾಲ ಇಲ್ಲ. ವೈರು ಬದಲಾಯಿಸಿದರು, ಸೂಜಿಗಳಿಗೆ ಮತ್ತೆ ಬೆಸುಗೆ ಹಾಕಿದರು, ವೇಗ ಇಳಿಸಿದರು. ಅಂಗಡಿಗೆ ಬಂದ ತಕ್ಕಡಿಗಳು ಸಾಲುಗಟ್ಟಿ ಕಾದವು.

ಒಂದು ಭಾನುವಾರ ಬೆಳಿಗ್ಗೆ ನಾನು ಹೋದಾಗ ಲ್ಯಾಪ್‌ಟಾಪಿನ ಮೇಲೆ ಸಾಲುಗಳು ಸರಸರ ಓಡುತ್ತಿದ್ದವು. ಭಾವ ಯಂತ್ರದ ಮುಂದೆ ತಲೆ ಹಿಡಿದು ಕುಳಿತಿದ್ದರು. ಅಕ್ಕ ಮೂರು ಲೋಟ ಚಹಾ ತಂದು, ಭಾವನ ಲೋಟವನ್ನು ಅವರ ಕಣ್ಣೆದುರೇ ಕುಕ್ಕಿ, ಪರದೆ ನೋಡಿದಳು.

"ಇಷ್ಟು ಜೋರಾಗಿ ಒದರ್ತಾ ಇದೆಯಲ್ಲ, ಆ ಕಡೆಯದು ಏನಾದ್ರೂ ಅನ್ನುತ್ತಾ?"

"ಏನನ್ನತ್ತೆ? ತಗೊಳ್ಳತ್ತೆ ಅಷ್ಟೇ."

"ಒಂದು ಸಾಲು ತಗೊಂಡು ಒಳಗೆ ಇಟ್ಟು ಬರೋಕೆ ಅದಕ್ಕೂ ಟೈಮ್ ಬೇಡ್ವಾ? ಅದು ಒಳಗೆ ಹೋದಾಗ ಇದು ಮುಂದಿಂದು ಹೇಳ್ತಾ ಇರುತ್ತೆ. ಯಾರಿಗೆ ಕೇಳಿಸ್ಬೇಕು? ಹೂಂ ಅನ್ನದೇ ಇರೋರಿಗೆ ಕಥೆ ಹೇಳಿದ ಹಾಗಾಯ್ತು."

ಭಾವನ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವರು ಅಕ್ಕನನ್ನು ನೋಡಿದ ರೀತಿ ನೋಡಿ, ಈ ಮನುಷ್ಯ ಮದುವೆಯ ದಿನವಾದರೂ ಇವಳನ್ನು ಹೀಗೆ ನೋಡಿದ್ದರೇ ಎಂದು ನನಗೆ ಅನುಮಾನ ಬಂತು.

"ಅದೇ!" ಎಂದರು. "ಅದು ಹೂಂ ಅನ್ಬೇಕು. ಹೂಂ ಅಂದ್ಮೇಲೆ ಮುಂದಿನ ಸಾಲು."

ಸ್ವಿಚ್ ಆರಿಸಿದರೂ ಮರೆಯದ ಒಂದೇ ಒಂದು ಮೂಲ ಚಿಪ್ಪು ಅದರಲ್ಲಿತ್ತು, ಅದನ್ನು ಕಿತ್ತು, ಅಳಿಸಿ, ಹೊಸದಾಗಿ ಬರೆದು ಕೂರಿಸಲು ಒಂದು ವಾರ ಹಿಡಿಯಿತು. ಇತ್ತ ಅಕ್ಕ ಅಟ್ಟದಿಂದ ಪ್ರಯಾಣದ ಪೆಟ್ಟಿಗೆ ಇಳಿಸಿ ಧೂಳು ಒರೆಸಿದಳು. ಭಾವ ಪೆಟ್ಟಿಗೆಯನ್ನು ನೋಡಿದರು ಕೂಡ. ತಮ್ಮ ಬೋರ್ಡಿನ ಮಿಕ್ಕ ವೈರು ಇಡಲು ಒಳ್ಳೆಯ ಜಾಗ ಎಂದು ಒಂದು ಸುರುಳಿಯನ್ನು ಅದರಲ್ಲಿ ಹಾಕಿಯೂ ಬಿಟ್ಟರು. ಅಕ್ಕ ಸುರುಳಿಯನ್ನು ತೆಗೆದು ಹೊರಗಿಟ್ಟಳು.

ಮುಂದಿನ ಭಾನುವಾರ ಭಾವ ನಮ್ಮಿಬ್ಬರನ್ನೂ ಯಂತ್ರದ ಮುಂದೆ ಕೂರಲು ಕರೆದರು. ಅಕ್ಕ ಕೂರಲಿಲ್ಲ. ಹೊಲಿಗೆ ಮುಗಿಸಬೇಕಿತ್ತು, ಒಪ್ಪಿಕೊಂಡ ಬಟ್ಟೆಯನ್ನೆಲ್ಲ ಒಂದನೇ ತಾರೀಖಿನೊಳಗೆ ಕೊಡಬೇಕಲ್ಲ. ಕಿಟಕಿಯ ಬಳಿ ಅವಳ ಮಿಷನ್ ಗರ್ರೆಂದು ಓಡುತ್ತಿತ್ತು. ಇತ್ತ ಭಾವ ಗುಂಡಿ ಒತ್ತಿದರು. ಒಂದು ಸಾಲು ಹೋಯಿತು, ಯಂತ್ರದಿಂದ ಒಂದು ಚುಕ್ಕೆ ವಾಪಸು ಬಂತು. ಆ ಚುಕ್ಕೆಯೇ ಹೂಂ. ಇನ್ನೊಂದು ಸಾಲು, ಇನ್ನೊಂದು ಹೂಂ. ಪರದೆಯ ತುಂಬ ಚುಕ್ಕೆ ತುಂಬಿತು. ನಾನೂರ ಹನ್ನೆರಡು ಸಾಲಿಗೆ ನಾನೂರ ಹನ್ನೆರಡು ಹೂಂ. ಭಾವನ ಮುಖ ಅರಳಿತು. ಆಟ ಶುರು ಮಾಡಲು ಗುಂಡಿ ಒತ್ತಿದರು.

ಏನೂ ಆಗಲಿಲ್ಲ. ಯಂತ್ರ ಕಲ್ಲಿನ ಹಾಗೆ ಕೂತಿತ್ತು. ತೆರೆದು ನೋಡಿದರೆ ಒಳಗೆ ಸೇರಿದ್ದ ಸಾಲುಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಾಲು ಕೆಟ್ಟಿದ್ದವು. ಕೆಟ್ಟ ಸಾಲಿಗೂ ಅದು ಹೂಂ ಅಂದಿತ್ತು, ಸರಿಯಾದ ಸಾಲಿಗೂ ಹೂಂ ಅಂದಿತ್ತು.

ಅಕ್ಕ ಮಿಷನ್ ನಿಲ್ಲಿಸಿ ತಿರುಗಿ ನೋಡಿದಳು. ಪರದೆಯ ತುಂಬ ಚುಕ್ಕೆ, ಎದುರಿಗೆ ಸತ್ತಂತೆ ಕೂತ ಯಂತ್ರ. ಅವಳಿಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ನಕ್ಕಳು, ಆದರೆ ಅದು ನಗುವಾಗಿರಲಿಲ್ಲ.

"ಯಥಾ ರಾಜಾ ತಥಾ ಪ್ರಜಾ," ಎಂದಳು. "ಹೂಂ ಅಂದ ಮಾತ್ರಕ್ಕೆ ಕೇಳಿಸ್ಕೊಂಡ ಹಾಗಾ? ಹೂಂ ಅಂತಾರಲ್ಲ, ಅವ್ರಿಗೆ 'ನಾನೇನು ಹೇಳಿದೆ, ಹೇಳಿ ನೋಡೋಣ' ಅನ್ಬೇಕು. ಆಗ ಗೊತ್ತಾಗುತ್ತೆ ಬಂಡವಾಳ."

ಹೇಳಿ ಮತ್ತೆ ಮಿಷನ್ ಓಡಿಸಿದಳು. ಭಾವ ಬೋರ್ಡಿನ ಮೇಲೆ ಬಗ್ಗಿದ್ದರು. "ಹೂಂ," ಎಂದರು.

ಆ ಹೂಂ ನನ್ನ ಕಿವಿಗೆ ಬೇರೆ ಥರ ಬಿತ್ತು. ನನ್ನ ಉದ್ಯೋಗ ಏನೆಂದು ಇಷ್ಟು ಹೊತ್ತು ಹೇಳಲಿಲ್ಲ, ನಾಚಿಕೆಯಾಗಿ ಹೇಳಲಿಲ್ಲ. ಕಿವಿ, ಮೂಗು, ಗಂಟಲಿನ ಡಾಕ್ಟರ ಬಳಿ ಕಿವಿ ಪರೀಕ್ಷೆ ಮಾಡುವವಳು ನಾನು. ಹದಿನೇಳು ವರ್ಷದಿಂದ ಅದೇ ಕೆಲಸ. ಶಬ್ದ ಬರದ, ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನು ಹಾಕಿ, ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಿ ಎನ್ನುತ್ತೇನೆ. ಕೆಲವರು ಕೇಳದಿದ್ದರೂ ಒತ್ತುತ್ತಾರೆ. ಸೋಲಲು ಇಷ್ಟವಿಲ್ಲದವರು. ಅವರು ನನ್ನ ಕೈ ನೋಡುತ್ತಾರೆ, ಭುಜ ನೋಡುತ್ತಾರೆ, ಅಂದಾಜಿನಲ್ಲಿ ಇಷ್ಟಿಷ್ಟು ಹೊತ್ತಿಗೊಂದು ಎಂದು ಒತ್ತುತ್ತಾ ಹೋಗುತ್ತಾರೆ. ಅಂಥವರನ್ನು ಮೂರು ನಿಮಿಷದಲ್ಲಿ ಹಿಡಿಯುತ್ತೇನೆ ಎಂದು ನನಗೆ ಜಂಬ.

ಭಾವನ ಹೂಂ ಹಾಗೆಯೇ ಇತ್ತು. ಮಾತು ನಿಂತಾಗ ಬೀಳುವ ಹೂಂ. ನಾನು ಎದ್ದು ಅವರ ಬೆನ್ನ ಹಿಂದೆ ನಿಂತೆ.

"ಭಾವ, ಈ ನಿಮ್ಮ ಕಂಪ್ಯೂಟರನ್ನ ಗುಜರಿಯವನಿಗೆ ಹಾಕ್ತೀನಿ," ಎಂದೆ, ಮಾಮೂಲು ದನಿಯಲ್ಲಿ.

"ಹೂಂ," ಎಂದರು.

"ಹಾಕೋ ಮುಂಚೆ ಅದರ ಮೇಲೆ ಒಂದು ಬಕೆಟ್ ನೀರು ಸುರೀತೀನಿ."

"ಹೂಂ ಹೂಂ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿದ್ದಿತ್ತು. ಎಷ್ಟು ವರ್ಷದಿಂದ ಈ ಮನುಷ್ಯನ ಎದುರು ಕೂತು ಚಹಾ ಕುಡಿದಿದ್ದೇನೆ! ಒಂದು ದಿನವಾದರೂ ಹೊಳೆಯಿತೇ? ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಅಕ್ಕನಿಗೆ ಅಲ್ಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ, ಮುಚ್ಚಿದೆ. ಪರೀಕ್ಷೆ ಮಾಡದೆ ಹೇಳುವುದು ನನ್ನ ಕಸುಬಿಗೆ ಒಪ್ಪದ ಮಾತು. ತಿಂಗಳು ಮುಗಿಯಲು ಐದು ದಿನ ಉಳಿದಿತ್ತು.

ಕಿವಿ ಪರೀಕ್ಷೆಗೆ ಬನ್ನಿ ಎಂದರೆ ಬರುವ ಆಸಾಮಿಯಲ್ಲ. ಮರುದಿನ ಅವರ ಅಂಗಡಿಗೆ ಹೋಗಿ, ಎದುರಿಗೆ ನಿಂತು, "ಭಾವ, ನಮ್ಮ ಟೆಸ್ಟಿಂಗ್ ಮಿಷನ್ನೂ ನಿಮ್ಮದರ ಹಾಗೇ ಸೀರಿಯಲ್ ವೈರಿಂದು. ಪ್ರಿಂಟರಿಗೆ ಫೈಲ್ ಹೋಗ್ತಿಲ್ಲ," ಎಂದೆ. ಅರ್ಧ ತೆರೆದ ತಕ್ಕಡಿಯನ್ನು ಹಾಗೆಯೇ ಬಿಟ್ಟು ಬಂದರು.

ವೈರು ಕಳಚಿದ್ದು ನಾನೇ. ಎರಡು ನಿಮಿಷದಲ್ಲಿ ಸಿಕ್ಕಿಸಿ, ಇಷ್ಟಕ್ಕೆ ಕರೆದೆಯಾ ಎನ್ನುವಂತೆ ನೋಡಿದರು. "ಸರಿಯಾಯ್ತಾ ಅಂತ ಯಾರ ಮೇಲಾದ್ರೂ ನೋಡ್ಬೇಕಲ್ಲ, ಕೂತ್ಕೊಳ್ಳಿ," ಎಂದು ಹೆಡ್‌ಫೋನು ಹಾಕಿದೆ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಇಷ್ಟಿಷ್ಟು ಹೊತ್ತಿಗೊಂದು ಎಂದು ಗುಂಡಿ ಒತ್ತತೊಡಗಿದರು. ನಾನು ಒಂದು ಇಡೀ ನಿಮಿಷ ಯಾವ ಶಬ್ದವನ್ನೂ ಕಳಿಸಲಿಲ್ಲ. ಅವರು ಒತ್ತುತ್ತಲೇ ಇದ್ದರು. ಆಮೇಲೆ ತಲೆಯೆತ್ತಿ ಗಾಜಿನ ಆಚೆ ನನ್ನ ಮುಖ ನೋಡಿ ಕೈ ಕೆಳಗಿಟ್ಟರು.

"ಈಗ ಸರಿಯಾಗಿ ಮಾಡೋಣ," ಎಂದೆ.

ಸರಿಯಾಗಿ ಮಾಡಿದೆ. ಪ್ರಿಂಟರಿನಿಂದ ಬಂದ ಹಾಳೆಯಲ್ಲಿ ಗೆರೆ ಎರಡೂ ಕಿವಿಗೂ ಅರ್ಧದವರೆಗೆ ಪರವಾಗಿಲ್ಲ, ಅಲ್ಲಿಂದ ಮುಂದೆ ಜಾರಿ ಬಿದ್ದಿತ್ತು. ಗಂಡಸರ ದಪ್ಪ ದನಿ, ಎದುರಿಗೆ ನಿಂತು ಆಡಿದ ಮಾತು ಕೇಳುತ್ತದೆ. ಹೆಂಗಸರ ತೆಳು ದನಿ, ಅದೂ ಪಕ್ಕದಲ್ಲಿ ಮೋಟರು ಓಡುತ್ತಿದ್ದರೆ, ಗುಂಯ್ ಎಂದಷ್ಟೇ. ಆ ಕಾರ್ಖಾನೆಯ ಧಡ್ ಧಡ್ ಕೊಟ್ಟು ಕಳಿಸಿದ ಉಡುಗೊರೆ ಅದು.

"ಗೊತ್ತು," ಎಂದರು ಭಾವ, ಹಾಳೆ ನೋಡದೆ. "ನಾಲ್ಕು ವರ್ಷ ಆಯ್ತು."

"ನಾಲ್ಕು ವರ್ಷ! ನಾನು ಸತ್ತುಹೋಗಿದ್ನಾ? ಹೇಳೋಕೆ ಏನಾಗಿತ್ತು ನಿಮ್ಗೆ?"

ಅವರು ಹೆಡ್‌ಫೋನಿನ ವೈರನ್ನು ಸುತ್ತುತ್ತಾ ಕೂತರು. ಅಂಗಡಿಯಲ್ಲಿ ತೂಕ ಒಂದಿಷ್ಟೂ ತಪ್ಪದ ಮನುಷ್ಯ, ಸ್ವಂತ ಮುಳ್ಳು ಸರಿಯಿಲ್ಲ ಎಂದು ಹೇಳಿಕೊಳ್ಳುವುದು ಸುಲಭವಲ್ಲ ಎಂದು ಈಗ ಬರೆಯುವಾಗ ಅರ್ಥವಾಗುತ್ತದೆ. ಆಗ ಸಿಟ್ಟಷ್ಟೇ ಇತ್ತು.

"ಮೊದಮೊದಲು 'ಏನು, ಮತ್ತೆ ಹೇಳು' ಅಂತಿದ್ದೆ," ಎಂದರು. "ಒಂದ್ಸಲ ಹೇಳ್ತಾಳೆ. ಎರಡ್ಸಲ ಹೇಳ್ತಾಳೆ. ಮೂರನೇ ಸಲ ಕೇಳಿದ್ರೆ 'ಏನಿಲ್ಲ ಬಿಡಿ' ಅಂತಾಳೆ. ಆ 'ಏನಿಲ್ಲ ಬಿಡಿ' ಮಾತ್ರ ನಂಗೆ ಚೆನ್ನಾಗಿ ಕೇಳತ್ತೆ ನೋಡು. ಅದನ್ನ ಕೇಳೋದಕ್ಕಿಂತ ಹೂಂ ಅನ್ನೋದೇ ವಾಸಿ ಅನ್ನಿಸ್ತು."

ಅವರು ಸುತ್ತಿದ ವೈರನ್ನು ಬಿಚ್ಚಿ ಮತ್ತೆ ಸುತ್ತತೊಡಗಿದರು.

"ಆ ಯಂತ್ರ ಇದೆಯಲ್ಲ, ಅದು ನೂರು ಸಲ ಮತ್ತೆ ಕಳಿಸು ಅಂದ್ರೂ ಲ್ಯಾಪ್‌ಟಾಪಿಗೆ ಬೇಜಾರಿಲ್ಲ. ಮತ್ತೆ ಕಳಿಸತ್ತೆ. ನಿನ್ನೆ ರಾತ್ರಿಯಿಂದ ಅದನ್ನೇ ಯೋಚಿಸ್ತಿದ್ದೆ. ಒಳಗೆ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ. ಪ್ರತಿ ಸಾಲಿನ ಕೊನೆಗೆ ಆ ಸಂಖ್ಯೆಗಳ ಮೊತ್ತ ಬರ್ದಿರತ್ತೆ. ಇದು ಕೂಡಿಸಿ ನೋಡಿ, ತಾಳೆ ಆದ್ರೆ ಮಾತ್ರ ಹೂಂ ಅನ್ಬೇಕು. ಆಗ್ಲಿಲ್ಲ ಅಂದ್ರೆ ಮತ್ತೆ ಕಳಿಸು ಅನ್ಬೇಕು. ಸಾಲು ಕೆಡ್ತಿರೋದು ಅವಳ ಮೋಟರಿಂದ, ಎರಡಕ್ಕೂ ಒಂದೇ ಪ್ಲಗ್ಗು ನೋಡು. ಅವಳು ಹೊಲಿದಾಗೆಲ್ಲ ಕೆಡತ್ತೆ."

ನನ್ನ ಕಣ್ಣು ತುಂಬಿತ್ತು, ಸಿಟ್ಟೂ ಇಳಿದಿರಲಿಲ್ಲ. ಎರಡೂ ಒಟ್ಟಿಗೆ ಇರುವಾಗ ನನಗೆ ಬೈಯುವುದೇ ಸುಲಭ.

"ಅಷ್ಟು ಬುದ್ಧಿ ಆ ಡಬ್ಬಕ್ಕೆ ಕೊಡ್ತೀರಿ, ನಿಮಗೆ ಮಾತ್ರ ಇಟ್ಕೊಳ್ಳಲ್ಲ," ಎಂದೆ. ಆಣೆ ನೆನಪಾಯಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಆದರೆ ಪ್ರತಿ ಪದ ಬಿಡಿಸಿ ಹೇಳಿದೆ. "ಭಾವ, ಈ ತಿಂಗಳ ಮೊದಲ ವಾರ ಅಕ್ಕ ನಿಮಗೆ ಒಂದು ಸಾಲು ಕಳಿಸಿದ್ದಾಳೆ. ಮಿಷನ್ ಓಡಿಸ್ತಾ ಕಳಿಸಿದ್ದಾಳೆ. ನೀವು ಹೂಂ ಅಂದಿದ್ದೀರ. ಆ ಸಾಲು ನಿಮಗೆ ಬಂದಿಲ್ಲ. ಏನು ಅಂತ ನಾನು ಹೇಳೋ ಹಾಗಿಲ್ಲ. ಮನೆಗೆ ಹೋಗಿ, ಮತ್ತೆ ಕಳಿಸು ಅನ್ನಿ. ಇವತ್ತೇ ಅನ್ನಿ."

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. "ಪೆಟ್ಟಿಗೆ," ಎಂದರು ನಿಧಾನವಾಗಿ. ಅವರು ಎದ್ದ ಭರಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ನಾನೂ ಹಿಂದೆಯೇ ಹೋದೆ. ಗಂಡ ಹೆಂಡಿರ ಮಧ್ಯೆ ಹೋಗಬಾರದು ಎನ್ನುತ್ತಾರೆ. ಹೋಗಲಿಲ್ಲ, ಬಾಗಿಲ ಬಳಿ ನಿಂತೆ. ಅಕ್ಕ ಕಿಟಕಿಯ ಪಕ್ಕ ಹೊಲಿಯುತ್ತಿದ್ದಳು. ಪೆಟ್ಟಿಗೆ ತೆರೆದಿತ್ತು, ಅರ್ಧ ತುಂಬಿತ್ತು. ಭಾವ ನೇರವಾಗಿ ಹೋಗಿ ಪ್ಲಗ್ ಕಿತ್ತರು. ಮಿಷನ್ ನಿಂತಿತು. ಮೇಜಿನ ಮೇಲಿನ ಕಂಪ್ಯೂಟರಿನ ದೀಪವೂ ಆರಿತು. ಅದು ಕಲಿತಿದ್ದೆಲ್ಲ ಮರೆತುಹೋಯಿತು. ಅವರು ಆ ಕಡೆ ನೋಡಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಅಕ್ಕನ ಎದುರಿಗೆ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕುಳಿತು, ಆಸ್ಪತ್ರೆಯ ಹಾಳೆಯನ್ನು ಅವಳ ಕೈಗಿಟ್ಟರು.

"ಇದೇನ್ರೀ?"

"ನನ್ನ ಕಿವಿ. ನಾಲ್ಕು ವರ್ಷದಿಂದ ಸರಿಯಿಲ್ಲ. ಹೂಂ ಅಂದಿದ್ದೆಲ್ಲ ಸುಳ್ಳು."

ಅಕ್ಕ ಹಾಳೆ ನೋಡಿದಳು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳ ಕೈಯಲ್ಲಿದ್ದ ಬಟ್ಟೆ ಜಾರಿ ಕೆಳಗೆ ಬಿತ್ತು.

"ಎಲ್ಲಾನೂ ಸುಳ್ಳಾ?"

"ಎಲ್ಲಾನೂ ಅಲ್ಲ. ಯಾವ್ದು ನಿಜ ಯಾವ್ದು ಸುಳ್ಳು ಅಂತ ನನಗೇ ಗೊತ್ತಿಲ್ಲ." ಭಾವ ಅವಳ ಮುಖವನ್ನೇ ನೋಡುತ್ತಾ, "ಈ ತಿಂಗಳು ಏನೋ ಒಂದು ಸಾಲು ಹೇಳಿದ್ಯಂತೆ. ನಂಗೆ ಬಂದಿಲ್ಲ. ಮತ್ತೆ ಕಳಿಸು," ಎಂದರು.

ಅಕ್ಕ ಹಾಳೆಯನ್ನು ಮಡಿಸಿ ಸೂಜಿ ಡಬ್ಬಿಯ ಕೆಳಗಿಟ್ಟಳು. 'ಏನಿಲ್ಲ ಬಿಡಿ' ಎಂದು ಹೇಳಿಬಿಡುತ್ತಾಳೇನೋ ಎಂದು ನನಗೆ ಹೆದರಿಕೆಯಾಯಿತು. ಹೇಳಲಿಲ್ಲ. ಒಂದೊಂದೇ ಪದವನ್ನು, ಅಂಗಿಗೆ ಗುಂಡಿ ಹೊಲಿದಷ್ಟು ನಿಧಾನವಾಗಿ ಹೇಳಿದಳು.

"ನಾನು, ಒಂದನೇ ತಾರೀಖಿಗೆ, ಬೇರೆ ಊರಿಗೆ, ಕೆಲಸಕ್ಕೆ ಹೋಗ್ತೀನಿ. ಒಂದು ವರ್ಷ."

"ನೀನು ಒಂದನೇ ತಾರೀಖಿಗೆ," ಎಂದು ಭಾವ ವಾಪಸು ಹೇಳತೊಡಗಿದರು, "ಬೇರೆ ಊರಿಗೆ, ಕೆಲಸಕ್ಕೆ..." ಅಲ್ಲಿಗೆ ನಿಂತರು. ಮುಖದ ಬಣ್ಣ ಇಳಿಯಿತು. ಇಪ್ಪತ್ತೈದು ದಿನ ಹಿಂದೆ ಹೊರಟ ಮಾತು ಆಗ ಬಂದು ತಲುಪಿತು.

"ತಾಳೆ ಆಗ್ತಿಲ್ಲ," ಎಂದರು. "ಮತ್ತೆ ಕಳಿಸು."

"ಒಂದು ವರ್ಷ ಅಂದೆ."

"ಆಗ್ತಿಲ್ಲ. ಮತ್ತೆ ಕಳಿಸು."

ಅಕ್ಕ ಬಾಯಿಗೆ ಸೆರಗು ಒತ್ತಿ ತೆಗೆದಳು. ಅಳುವೋ ನಗುವೋ ನನಗೆ ಗೊತ್ತಾಗಲಿಲ್ಲ. "ಕೆಲಸ ಬಿಡಲ್ಲ ನಾನು," ಎಂದಳು. "ನನಗೆ ಬೇಕು ಅದು. ಮೂವತ್ತು ಜನ ಹೆಂಗಸರು ನನ್ನ ಹತ್ರ ಕಲೀತಾರೆ. ಹೋಗೇ ಹೋಗ್ತೀನಿ."

"ಹೂಂ," ಎಂದರು ಭಾವ.

"ಹೂಂ ಅಂದ್ರೆ?" ಅಕ್ಕನ ಕಣ್ಣು ಕೆಂಪಾಯಿತು. "ನಾನೇನು ಹೇಳಿದೆ, ಹೇಳಿ ನೋಡೋಣ."

ಭಾವ ಗಂಟಲು ಸರಿಮಾಡಿಕೊಂಡರು. ಪಾಠ ಒಪ್ಪಿಸುವವರಂತೆ ಬೆನ್ನು ನೆಟ್ಟಗೆ ಮಾಡಿದರು.

"ನಿಂಗೆ ಆ ಕೆಲಸ ಬೇಕು. ಮೂವತ್ತು ಜನ ಹೆಂಗಸರು ನಿನ್ನ ಹತ್ರ ಕಲೀತಾರೆ. ಹೋಗೇ ಹೋಗ್ತೀಯ. ಹೋಗುವಾಗ ನನ್ನೂ ಕರ್ಕೊಂಡು ಹೋಗ್ತೀಯ. ಆ ಊರಲ್ಲೂ ತಕ್ಕಡಿ ಕೆಡತ್ತೆ ಅಂತ ನೀನೇ ಅಂದೆ."

ಹದಿನೇಳು ವರ್ಷ ಕಿವಿ ಪರೀಕ್ಷೆ ಮಾಡಿದವಳು ನಾನು, ನನ್ನ ಎರಡು ಕಿವಿಯೂ ನೆಟ್ಟಗಿವೆ. ಆ ಕೊನೆಯ ಎರಡು ಮಾತನ್ನು ಅಕ್ಕ ಹೇಳಿರಲಿಲ್ಲ. ಬೇಕಾದರೆ ಬರೆದುಕೊಡುತ್ತೇನೆ.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಬಿದ್ದ ಬಟ್ಟೆಯನ್ನು ಎತ್ತಿಕೊಂಡಳು.

"ಸರಿಯಾಗೇ ಕೇಳಿಸಿದೆ," ಎಂದಳು.